ತಲೆಗೆ ಶಂಟ್ ಹಾಕಿಸಿಕೊಂಡವರ ಮನೆಯಲ್ಲಿ ಏನೇನು ಗೊತ್ತಿರಬೇಕು

ತಲೆಯಲ್ಲಿ ನಿಂತ ನೀರನ್ನು ಹೊಟ್ಟೆಗೆ ಇಳಿಸುವ ಪೈಪು, ಅಂದರೆ ಶಂಟ್, ಹಾಕುವ ಆಪರೇಷನ್ ಆಗಿ ಒಂಬತ್ತನೇ ದಿನ ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಮೂರು ಮಾತು ಹೇಳಿ ಕಳಿಸಿದ್ದರು. ಮಾತ್ರೆ ತಪ್ಪಿಸಬೇಡಿ, ಗಾಯ ಒದ್ದೆ ಮಾಡಬೇಡಿ, ತಲೆನೋವು ವಾಂತಿ ಬಂದರೆ ತಕ್ಷಣ ಕರೆದುಕೊಂಡು ಬನ್ನಿ. ಮೂರೂ ಸರಿಯಾದ ಮಾತೇ. ಆದರೆ ಲಗ್ಗೆರೆಯ ಮನೆಗೆ ಬಂದ ಮೊದಲ ರಾತ್ರಿಯೇ ನಮ್ಮನೆಯವರಿಗೆ ತಲೆನೋವು ಬಂತು. ಎರಡನೇ ರಾತ್ರಿಯೂ ಬಂತು. ಈಗ ಆರು ವರ್ಷ ಕಳೆದಿದೆ, ವಾರಕ್ಕೆ ಮೂರು ನಾಲ್ಕು ದಿನ ಬರುತ್ತಲೇ ಇದೆ. ಬಂದಾಗಲೆಲ್ಲ ಆಟೋ ಹಿಡಿದು ಓಡಲು ಆಗುತ್ತದೆಯೇ? ಓಡದೆ ಮನೆಯಲ್ಲೇ ಕೂತು, ಅವತ್ತೇ ನಿಜಕ್ಕೂ ಪೈಪು ಕಟ್ಟಿಕೊಂಡಿದ್ದರೆ?

ಈ ಎರಡು ಭಯಗಳ ನಡುವೆ ದಿನ ತಳ್ಳುವುದನ್ನು ನಾವು ಎಡವಿ ಎಡವಿ ಕಲಿತೆವು. ನಾನು ಡಾಕ್ಟರಲ್ಲ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಲೇತ್) ಆಪರೇಟರ್ ಆಗಿದ್ದು, ಮೂವತ್ತೇಳನೇ ವಯಸ್ಸಿಗೆ ಮೆದುಳಿನ ಟಿಬಿ ಬಂದು ಶಂಟ್ ಹಾಕಿಸಿಕೊಂಡವರ ಹೆಂಡತಿ. ಮಾತ್ರೆಯ ಡೋಸು, ವಾಲ್ವಿನ ಒತ್ತಡ ಇವೆಲ್ಲ ನಿಮ್ಮ ನ್ಯೂರೋಸರ್ಜನ್ ತೀರ್ಮಾನಿಸಬೇಕಾದವು. ಆಸ್ಪತ್ರೆಯ ಗೇಟಿನಿಂದ ಈಚೆ, ಮನೆಯೊಳಗೆ ನಾವೇ ಮಾಡಿಕೊಳ್ಳಬೇಕಾದ ಕೆಲಸಗಳನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪೈಪಿನ ಕೆಲಸ ತಿಳಿದುಕೊಳ್ಳಿ

ಮೆದುಳಿನೊಳಗಿನ ಕೋಣೆಗಳಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿನೀರು ಉತ್ಪತ್ತಿಯಾಗುತ್ತದೆ. ದೊಡ್ಡವರಲ್ಲಿ ಯಾವುದೇ ಹೊತ್ತಿನಲ್ಲಿ ಮೆದುಳು, ಬೆನ್ನುಹುರಿಯ ಸುತ್ತ ಇರುವುದು ಮಾತ್ರ ಸುಮಾರು 150 ಮಿಲಿಲೀಟರ್. ಅಂದರೆ ದಿನಕ್ಕೆ ಮೂರು ಸಲ ಟ್ಯಾಂಕು ಖಾಲಿಯಾಗಿ ತುಂಬಿದ ಹಾಗೆ. ನೀರು ಹರಿದು ರಕ್ತಕ್ಕೆ ಸೇರುವ ದಾರಿ ಕಟ್ಟಿಕೊಂಡರೆ ಮೋಟರ್ ಮಾತ್ರ ನಿಲ್ಲುವುದಿಲ್ಲ. ನೀರು ನಿಂತು ಕೋಣೆಗಳು ಉಬ್ಬಿ ಮೆದುಳನ್ನು ಒತ್ತುತ್ತವೆ. ಇದನ್ನೇ ನಮ್ಮ ಕಡೆ ‘ತಲೆಯಲ್ಲಿ ನೀರು ತುಂಬಿದೆ’ ಅನ್ನುವುದು, ಡಾಕ್ಟರ ಬಾಯಲ್ಲಿ ಹೈಡ್ರೋಸೆಫಲಸ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತದೆ. ದೊಡ್ಡವರಿಗೆ ಗೆಡ್ಡೆ, ಮೆದುಳಿನ ರಕ್ತಸ್ರಾವ, ಮೆದುಳಿನ ಪೊರೆಗೆ ತಗಲುವ ಟಿಬಿ ಮೆನಿಂಜೈಟಿಸ್‌ನಿಂದ ಬರಬಹುದು. ವಯಸ್ಸಾದವರಲ್ಲಿ ನಡಿಗೆ ಎಳೆದಾಡುವುದು, ಮೂತ್ರ ತಡೆಯಲಾಗದಿರುವುದು, ಮರೆವು ಈ ಮೂರೂ ಒಟ್ಟಿಗೆ ಬರುವ ಒಂದು ಬಗೆಯೂ ಇದೆ. ವಯಸ್ಸಾಯಿತು ಬಿಡಿ ಎಂದು ಅದನ್ನು ಕಡೆಗಣಿಸುವವರೇ ಹೆಚ್ಚು.

ಶಂಟ್ ಎಂದರೆ ಈ ನೀರಿಗೆ ಮಾಡಿಕೊಟ್ಟ ಬದಲಿ ದಾರಿ. ಮೆದುಳಿನ ಕೋಣೆಯಿಂದ ಹೊರಟ ಸಣ್ಣ ಪೈಪು, ಎಷ್ಟು ಒತ್ತಡಕ್ಕೆ ನೀರು ಬಿಡಬೇಕೆಂದು ನೋಡಿಕೊಳ್ಳುವ, ಕಿವಿಯ ಹಿಂದಿನ ವಾಲ್ವಿಗೆ ಬರುತ್ತದೆ. ಅಲ್ಲಿಂದ ಚರ್ಮದ ಅಡಿಯಲ್ಲೇ ಕುತ್ತಿಗೆ, ಎದೆ ದಾಟಿ ಹೊಟ್ಟೆಗೆ ಇಳಿಯುತ್ತದೆ. ಇದು ವಿಪಿ ಶಂಟ್. ಹೊಟ್ಟೆಗೆ ಬಿಡಲಾಗದವರಿಗೆ ಹೃದಯದ ಕಡೆಯ ರಕ್ತನಾಳಕ್ಕೆ ಬಿಡುವುದುಂಟು. 1950ರ ದಶಕದಲ್ಲಿ ಅಮೆರಿಕದಲ್ಲಿ ಜಾನ್ ಹೋಲ್ಟರ್ ಎಂಬ ಮೆಕ್ಯಾನಿಕ್ ತನ್ನ ಮಗುವಿಗೆ ಇದೇ ಕಾಯಿಲೆ ಬಂದಾಗ ಕೂತು ವಾಲ್ವ್ ಮಾಡಿದ. ಲೇತ್ ಮುಂದೆ ಕೆಲಸ ಮಾಡಿದ ನಮ್ಮನೆಯವರಿಗೆ ಈ ಕತೆ ತುಂಬಾ ಇಷ್ಟ. ‘ನಮ್ಮೋನೇ ಮಾಡಿದ್ದು’ ಅಂತ ಕಿವಿಯ ಹಿಂದೆ ಸವರಿಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಬಹಳ ಕಡೆ ಹಾಕುವುದು ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್. ಅದರಲ್ಲಿ ಲೋ, ಮೀಡಿಯಂ, ಹೈ ಎಂದು ಒತ್ತಡ ಮೊದಲೇ ಗೊತ್ತುಪಡಿಸಿರುತ್ತದೆ. ಹೊರಗಿನಿಂದ ಮ್ಯಾಗ್ನೆಟ್ ಇಟ್ಟು ಒತ್ತಡ ಬದಲಿಸುವ ಪ್ರೋಗ್ರಾಮೆಬಲ್ ವಾಲ್ವ್ ಇನ್ನೊಂದು ಬಗೆ, ಬೆಲೆ ಬಹಳ ಹೆಚ್ಚು. ನಿಮ್ಮವರಿಗೆ ಯಾವುದನ್ನು ಹಾಕಿದ್ದಾರೆ ಎಂಬುದು ನಿಮಗೆ ಬಾಯಿಪಾಠ ಆಗಿರಬೇಕು.

ಪೈಪು ಹಾಕಿದರೆ ನೀರು ಹರಿಯುತ್ತದೆ, ಅಷ್ಟೇ. ಅದಕ್ಕೂ ಮೊದಲು ಟಿಬಿಯೋ ರಕ್ತಸ್ರಾವವೋ ಹಾಳು ಮಾಡಿದ ಜಾಗ ವಾಪಸ್ ಬರುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ತೊಂದರೆಗಳನ್ನು ಎರಡು ಕಂತೆ ಮಾಡಿಕೊಂಡಿದ್ದೇವೆ. ಮೊದಲನೆಯದು ರೋಗ ಬಿಟ್ಟುಹೋದದ್ದು: ಇವರ ಮರೆವು, ಮಸುಕು ಕಣ್ಣು, ಫಿಟ್ಸ್, ಎಡಗಾಲಿನ ಸೋಲು. ಇನ್ನೊಂದು ಪೈಪು ಮಾಡುವಂಥದ್ದು: ಕಟ್ಟಿಕೊಳ್ಳುವುದು, ಸೋಂಕು, ಅಗತ್ಯಕ್ಕಿಂತ ಹೆಚ್ಚು ನೀರು ಎಳೆಯುವುದು. ಮೊದಲನೆಯದರ ಜೊತೆ ಹೊಂದಿಕೊಂಡು ಬಾಳಬೇಕು. ಎರಡನೆಯದನ್ನು ರಿಪೇರಿ ಮಾಡಿಸಬೇಕು, ಕೆಲವೊಮ್ಮೆ ಅದೇ ರಾತ್ರಿ. ಮುಂದೆ ಹೇಳುವುದೆಲ್ಲ ಈ ಎರಡು ಕಂತೆಗಳು ಕಲಸಿಹೋಗದ ಹಾಗೆ ನೋಡಿಕೊಳ್ಳಲಿಕ್ಕೆ.

ಆಮೇಲೆ ‘ಮಾಮೂಲು’ ಅಂದರೆ ಏನೆಂದು ಬರೆದಿಡಿ

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮನೆಗೆ ಬಂದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಎರಡು ವಾರ ಬಿಡದೆ ಬರೆಯಿರಿ. ತಲೆನೋವು ಎಷ್ಟು ಗಂಟೆಗೆ ಬಂತು, ತಲೆಯ ಯಾವ ಕಡೆ, ಹತ್ತಕ್ಕೆ ಎಷ್ಟು, ಮಲಗಿದರೆ ಕಡಿಮೆಯೋ ಎದ್ದು ಕೂತರೆ ಕಡಿಮೆಯೋ, ಎಷ್ಟು ಹೊತ್ತಿಗೆ ಇಳಿಯಿತು. ವಾಂತಿ ಆಯಿತೇ, ಹಗಲು ಎಷ್ಟು ಗಂಟೆ ನಿದ್ದೆ ಮಾಡಿದರು, ಹೊಟ್ಟೆ ಸರಿಯಾಗಿ ಹೋಯಿತೇ. ಎರಡು ವಾರ ಮುಗಿದಾಗ ನಿಮಗೇ ಒಂದು ಲೆಕ್ಕ ಸಿಗುತ್ತದೆ. ನಮ್ಮದು ಹೀಗಿತ್ತು: ಸಂಜೆ ಐದರ ಮೇಲೆ, ಹಣೆಯ ಕಡೆ, ಹತ್ತಕ್ಕೆ ನಾಲ್ಕೋ ಐದೋ, ಕತ್ತಲೆ ಕೋಣೆಯಲ್ಲಿ ಒಂದು ಗಂಟೆ ಮಲಗಿದರೆ ಇಳಿಯುತ್ತದೆ, ವಾಂತಿ ಇಲ್ಲ. ಇದನ್ನು ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದು ‘ಮಾಮೂಲು’ ಎಂದು ಹೆಸರಿಟ್ಟೆ. ಈ ಪುಟಕ್ಕೆ ಹೊಂದದ ತಲೆನೋವು ಬಂದ ದಿನ ನಾನು ಎಚ್ಚರ. ಹೊಂದುವ ದಿನ ಅಕ್ಕಿ ತೊಳೆದು ಕುಕ್ಕರ್ ಇಡುತ್ತೇನೆ.

ಮೂರು ತಿಂಗಳಿಗೊಮ್ಮೆ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ಮಾಡಿ. ಹಾಲಿನಿಂದ ಅಡುಗೆಮನೆಗೆ ನಡೆದು ಬರಲಿ. ಇಪ್ಪತ್ತರಿಂದ ಹಿಂದಕ್ಕೆ ಎಣಿಸಲಿ. ತಲೆ ಎತ್ತದೆ ಕಣ್ಣನ್ನಷ್ಟೇ ಮೇಲಕ್ಕೆತ್ತಿ ಫ್ಯಾನ್ ನೋಡಲಿ. ಈ ಕೊನೆಯದು ತಮಾಷೆಯಂತೆ ಕಂಡರೂ ಬಿಡಬೇಡಿ. ತಲೆಯೊಳಗೆ ಒತ್ತಡ ಏರಿದಾಗ ಕಣ್ಣು ಮೇಲಕ್ಕೆ ಹೋಗಲು ಕಷ್ಟಪಡುತ್ತದೆ, ಸಣ್ಣ ಮಕ್ಕಳಲ್ಲಂತೂ ಕರಿಗುಡ್ಡೆ ಮುಳುಗುವ ಸೂರ್ಯನ ಹಾಗೆ ಕೆಳಗೆ ಇಳಿದುಬಿಡುತ್ತದೆ. ಇವರನ್ನು ಹಿಂದೆಂದೂ ನೋಡಿರದ ಡ್ಯೂಟಿ ಡಾಕ್ಟರಿಗೆ ‘ಹೋದ ತಿಂಗಳು ಹೀಗಿದ್ದರು ಸಾರ್, ಇವತ್ತು ಹೀಗಿದ್ದಾರೆ’ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಫೈಲನ್ನು ಗ್ಯಾಸ್ ಪುಸ್ತಕದ ಹಾಗೆ ಕೈಗೆ ಸಿಗುವಲ್ಲಿಡಿ

ಆಪರೇಷನ್ ದಿನ ವಾಲ್ವಿನ ಡಬ್ಬಿಯ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸಿರುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ವಿವರ ಬಂದಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ: ಶಂಟ್ ಯಾವ ಕಂಪನಿಯದು, ಒತ್ತಡ ಎಷ್ಟು, ಯಾವ ಬದಿ, ಯಾವ ತಾರೀಕು. ಪ್ರೋಗ್ರಾಮೆಬಲ್ ಆದರೆ ಈಗಿನ ಸೆಟ್ಟಿಂಗ್ ಎಷ್ಟು ಎಂಬುದೂ ಬೇಕು. ಎಂಆರ್‌ಐ ಮಾಡಿಸುವಾಗ ಕೆಲವು ಬಗೆಯ ಪ್ರೋಗ್ರಾಮೆಬಲ್ ವಾಲ್ವುಗಳ ಸೆಟ್ಟಿಂಗ್ ಬದಲಾಗಬಹುದು. ಹಾಗಾಗಿ ಸ್ಕ್ಯಾನಿಂಗ್ ಸೆಂಟರಿನವರಿಗೆ ಮೊದಲೇ ಹೇಳಿ, ಮುಗಿದ ಮೇಲೆ ವಾಲ್ವ್ ಪರೀಕ್ಷೆ ಮಾಡಿಸಿಯೇ ಮನೆಗೆ ಬನ್ನಿ.

ಚೆನ್ನಾಗಿದ್ದಾಗ ತೆಗೆಸಿದ ಸಿಟಿ ಸ್ಕ್ಯಾನ್ ಚಿನ್ನಕ್ಕೆ ಸಮ. ಶಂಟ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೊಸ ಸ್ಕ್ಯಾನ್ ಒಂದನ್ನೇ ನೋಡಿ ಹೇಳುವುದು ಕಷ್ಟ. ಕೆಲವರ ಕೋಣೆಗಳು ಯಾವಾಗಲೂ ದೊಡ್ಡದಾಗಿಯೇ ಉಳಿದಿರುತ್ತವೆ, ಕೆಲವರದು ಪೈಪು ಕಟ್ಟಿದಾಗಲೂ ಉಬ್ಬುವುದಿಲ್ಲ. ಹಳೆಯದರ ಪಕ್ಕ ಹೊಸದನ್ನಿಟ್ಟು ನೋಡಿದಾಗಲೇ ವ್ಯತ್ಯಾಸ ತಿಳಿಯುವುದು. ಸ್ಕ್ಯಾನಿಂಗ್ ಸೆಂಟರಿನವರು ಕೊಡುವ ಸಿಡಿಯನ್ನು ನಂಬಿ ಕೂರಬೇಡಿ, ಅದನ್ನು ಹಾಕಲು ಈಗ ಎಷ್ಟೋ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ಬೀದಿಯ ಸೈಬರ್ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿ. ಫಿಲ್ಮನ್ನು ಹಗಲು ಕಿಟಕಿಗೆ ಹಿಡಿದು ಫೋಟೋ ತೆಗೆದು ಫೋನಿನಲ್ಲೂ ಇಟ್ಟುಕೊಳ್ಳಿ. ನಮಗೆ ಕೈಹಿಡಿದದ್ದು ಈ ಫೋಟೋವೇ, ಮುಂದೆ ಹೇಳುತ್ತೇನೆ.

ಯಾವ ರಾತ್ರಿ ಓಡಬೇಕು

ಶಂಟ್ ಕೆಡುವುದು ಅಪರೂಪವೇನಲ್ಲ. ಮಕ್ಕಳಿಗೆ ಹಾಕಿದ ಶಂಟುಗಳಲ್ಲಿ ಎರಡು ವರ್ಷದೊಳಗೆ ಸುಮಾರು ಅರ್ಧದಷ್ಟು ಕೆಟ್ಟು ರಿಪೇರಿಗೆ ಬರುತ್ತವೆ. ದೊಡ್ಡವರಲ್ಲಿ ಇದಕ್ಕಿಂತ ಕಡಿಮೆ, ಆದರೂ ಇದ್ದೇ ಇದೆ. ಹತ್ತು ವರ್ಷ ತೊಂದರೆಯಿಲ್ಲದೆ ಓಡಿದ ಪೈಪೂ ಒಂದು ದಿನ ಕಟ್ಟಬಹುದು. ಹಾಗಾಗಿ ‘ಇಷ್ಟು ವರ್ಷ ಆಯ್ತಲ್ಲ, ಇನ್ನೇನಾಗುತ್ತೆ’ ಎಂಬ ಧೈರ್ಯ ಬೇಡ.

ಪೈಪು ಕಟ್ಟಿದರೆ ಕಾಣುವ ಚಿಹ್ನೆಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಮಂಪರಿಗೆ. ತಲೆನೋವಿಗೆ ನೂರು ಕಾರಣ, ವಾಂತಿಗೆ ಐವತ್ತು. ಆದರೆ ಮಾತಾಡಿಸಿದರೆ ಕಣ್ಣು ತೆರೆದು ‘ಹೂಂ’ ಎಂದು ಮತ್ತೆ ಮುಚ್ಚುವ ಮನುಷ್ಯನನ್ನು ಮಲಗಲಿ ಬಿಡಿ ಎನ್ನುವ ಹಾಗಿಲ್ಲ. ಬೆಳಗ್ಗೆ ಏಳುವಾಗಲೇ ಜೋರು ತಲೆನೋವು, ಅದರೊಂದಿಗೆ ವಾಂತಿ, ಕಣ್ಣಿಗೆ ಎರಡೆರಡು ಕಾಣುವುದು, ನಡಿಗೆ ಏಕಾಏಕಿ ಕೆಡುವುದು, ಇದ್ದಕ್ಕಿದ್ದಂತೆ ಫಿಟ್ಸ್ ಹೆಚ್ಚುವುದು, ಮಾತು ಗೊಂದಲವಾಗುವುದು ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಅದೇ ಹೊತ್ತಿಗೆ ಹೊರಡಿ. ಮಂಪರು ಒಂದೇ ಇದ್ದರೂ ಹೊರಡಿ. ಎಳೆಮಕ್ಕಳಾದರೆ ನೆತ್ತಿ ಉಬ್ಬುವುದು, ತಲೆಯ ಸುತ್ತಳತೆ ಬೇಗ ಏರುವುದು, ಹಾಲು ಬಿಡುವುದು, ಸಮಾಧಾನವಾಗದ ಅಳು.

ಸೋಂಕಿನ ದಾರಿ ಬೇರೆ. ಅದು ಬಹುಪಾಲು ಆಪರೇಷನ್ ಆದ ಮೊದಲ ಕೆಲವು ತಿಂಗಳಲ್ಲೇ ಬರುತ್ತದೆ. ಜ್ವರ, ಪೈಪು ಹೋಗಿರುವ ದಾರಿಯುದ್ದಕ್ಕೂ ಚರ್ಮ ಕೆಂಪಾಗುವುದು, ಹೊಲಿಗೆಯಿಂದ ಕೀವು ಅಥವಾ ನೀರು ಜಿನುಗುವುದು, ಹೊಟ್ಟೆನೋವು, ಕತ್ತು ಬಿಗಿಯುವುದು. ಹೊಲಿಗೆಗೆ ಅರಿಶಿನ ಮೆತ್ತಿ ನೋಡೋಣ ಎಂದು ನಮ್ಮ ಅತ್ತೆ ಹೊರಟಿದ್ದರು, ಕೈಮುಗಿದು ತಡೆದೆ.

ಮೂರನೆಯದು ಪೈಪು ಹೆಚ್ಚು ನೀರು ಎಳೆಯುವುದು. ಇದರ ತಲೆನೋವು ತಿರುಗುಮುರುಗು: ಎದ್ದು ನಿಂತರೆ ಜೋರು, ಅಂಗಾತ ಮಲಗಿದರೆ ಇಳಿಯುತ್ತದೆ. ನಿಧಾನವಾಗಿ ನಡೆಯುತ್ತಿದ್ದರೆ ಓಪಿಡಿಗೆ ಹೋಗಿ ತೋರಿಸಬಹುದು. ಆದರೆ ಮೆದುಳು ಕುಗ್ಗಿ ಅದರ ಮೇಲೆ ರಕ್ತ ಕಟ್ಟುವ ಸಾಧ್ಯತೆ ಇರುವುದರಿಂದ ವಾರಗಟ್ಟಲೆ ಮುಂದೂಡಬಾರದು.

ಕಿವಿಯ ಹಿಂದೆ ಉಬ್ಬಿ ಕಾಣುವ ವಾಲ್ವನ್ನು ಒತ್ತಿ ಒತ್ತಿ ಪಂಪ್ ಮಾಡಿ ನೋಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ನಿಮ್ಮ ಡಾಕ್ಟರೇ ಹೇಳಿಕೊಟ್ಟಿಲ್ಲದಿದ್ದರೆ ಮುಟ್ಟಬೇಡಿ. ಒತ್ತಿದರೆ ಮೇಲೆದ್ದು ಬಂತು ಎಂದ ಮಾತ್ರಕ್ಕೆ ಪೈಪು ಸರಿಯಿದೆ ಎಂದು ಹೇಳಲಾಗದು.

ಕ್ಯಾಶುವಾಲಿಟಿಯಲ್ಲಿ ಮೊದಲ ವಾಕ್ಯ

ಎರಡನೇ ವರ್ಷ, ಗಣಪತಿ ಹಬ್ಬದ ವಾರ. ಇವರಿಗೆ ಎರಡು ದಿನ ವಾಂತಿ. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ‘ಏನಮ್ಮಾ ತೊಂದ್ರೆ?’ ಎಂದರು. ‘ಕಡುಬು ತಿಂದ್ರು ಡಾಕ್ಟ್ರೇ, ಆಮೇಲಿಂದ ವಾಂತಿ’ ಎಂದೆ. ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ತಲೆಯಲ್ಲಿ ಶಂಟ್ ಇದೆ ಎಂದು ನಾನು ಹೇಳಿದ್ದು ಚೀಟಿ ಕೈಗೆ ಬಂದ ಮೇಲೆ, ಅವರು ಮುಂದಿನ ಪೇಷೆಂಟ್ ಕಡೆ ತಿರುಗಿಯಾಗಿತ್ತು. ಮಾರನೇ ದಿನ ಹನ್ನೊಂದು ಗಂಟೆಯಾದರೂ ಇವರು ಎದ್ದಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಓಡಿದೆವು. ಸಿಟಿ ತೆಗೆದಾಗ ಫೋನಿನಲ್ಲಿದ್ದ ಹಳೆ ಫಿಲ್ಮಿನ ಫೋಟೋ ಪಕ್ಕಕ್ಕಿಟ್ಟು ನೋಡಿ, ‘ಇದು ಆಗ ಇಷ್ಟಿರಲಿಲ್ಲ’ ಎಂದರು ಸರ್ಜನ್. ಹೊಟ್ಟೆಯ ಕಡೆಯ ತುದಿ ಕಟ್ಟಿಕೊಂಡಿತ್ತು. ರಾತ್ರಿಯೇ ಬದಲಿಸಿದರು. ಆ ಡಾಕ್ಟರ ತಪ್ಪೆಷ್ಟೋ ನನ್ನ ಕಡುಬಿನ ಕತೆಯ ತಪ್ಪೂ ಅಷ್ಟೇ.

ಅಂದಿನಿಂದ ಕೌಂಟರಿನಲ್ಲಿ ನನ್ನ ಮೊದಲ ವಾಕ್ಯ ಒಂದೇ: ‘ಇವರಿಗೆ ತಲೆಯಲ್ಲಿ ವಿಪಿ ಶಂಟ್ ಇದೆ, ಮಾಮೂಲಿನ ಹಾಗಿಲ್ಲ, ಬ್ಲಾಕ್ ಆಗಿದೆಯೇ ನೋಡಬೇಕು.’ ಆಮೇಲೆ ಯಾವಾಗಿನಿಂದ, ಏನೇನು. ಡಾಕ್ಟರು ಸಾಮಾನ್ಯವಾಗಿ ಸಿಟಿ ಬರೆಯುತ್ತಾರೆ. ಪೈಪು ಎಲ್ಲಾದರೂ ಕಡಿದಿದೆಯೇ, ಜಾರಿದೆಯೇ ನೋಡಲು ತಲೆಯಿಂದ ಹೊಟ್ಟೆಯವರೆಗೆ ಎಕ್ಸ್‌ರೇಗಳನ್ನೂ ತೆಗೆಸಬಹುದು. ಕಣ್ಣಿನ ಹಿಂಭಾಗದ ನರ ಉಬ್ಬಿದೆಯೇ ನೋಡಬಹುದು. ಹೊಟ್ಟೆನೋವಿದ್ದರೆ ಅಲ್ಟ್ರಾಸೌಂಡ್ ಮಾಡಿಸಬಹುದು, ಪೈಪಿನ ತುದಿಯ ಸುತ್ತ ನೀರಿನ ಗುಳ್ಳೆ ಕಟ್ಟುವುದುಂಟು. ಸಿಟಿಯಲ್ಲಿ ಏನೂ ಕಾಣಲಿಲ್ಲ ಎಂದು ಮನೆಗೆ ಕಳಿಸಿದರೂ ಮಂಪರು ಹೆಚ್ಚಾದರೆ ವಾಪಸ್ ಹೋಗಿ, ನಾಚಿಕೆ ಬೇಡ.

ಯಾವ ಆಸ್ಪತ್ರೆ ಎಂಬುದನ್ನು ಚೆನ್ನಾಗಿರುವಾಗಲೇ ನಿರ್ಧರಿಸಿ. ಸಿಟಿ ಮತ್ತು ನ್ಯೂರೋಸರ್ಜನ್ ಎರಡೂ ರಾತ್ರಿಯೂ ಇರುವ ಕಡೆ ಆಗಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಕ್ಯಾಶುವಾಲಿಟಿ 24 ಗಂಟೆಯೂ ಇರುತ್ತದೆ. ನಿಮ್ಮ ಹಳೆ ಫೈಲ್ ಅಲ್ಲಿದ್ದರೆ ಆ ನಂಬರ್ ಹೇಳಿ. ಆದರೆ ಬೆಂಗಳೂರಿನ ದೂರ ಕಿಲೋಮೀಟರಿನಲ್ಲಿಲ್ಲ, ಗಡಿಯಾರದಲ್ಲಿದೆ. ಲಗ್ಗೆರೆಯಿಂದ ಅಲ್ಲಿಗೆ ರಾತ್ರಿ ಎರಡಕ್ಕೆ ಮುಕ್ಕಾಲು ಗಂಟೆ, ಸಂಜೆ ಆರೂವರೆಗೆ ಎರಡು ಗಂಟೆಯಾದರೂ ಆದೀತು. ಹಾಗಾಗಿ ನಾವು ಸಂಜೆಗೊಂದು, ರಾತ್ರಿಗೊಂದು ಎಂದು ಎರಡು ಆಸ್ಪತ್ರೆ ಗುರುತು ಮಾಡಿದ್ದೇವೆ. 108ಕ್ಕೆ ಫೋನ್ ಮಾಡಿದರೂ ಅಷ್ಟೇ, ‘ನ್ಯೂರೋಸರ್ಜನ್ ಇರುವ ಕಡೆಗೆ’ ಎಂದು ಹೇಳಿ. ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗಬೇಡಿ. ದಾರಿಯಲ್ಲಿ ಕಾಫಿ, ಇಡ್ಲಿ ಕೊಡಬೇಡಿ. ಆಪರೇಷನ್ ಬೇಕಾಗಿಬಂದರೆ ಖಾಲಿ ಹೊಟ್ಟೆ ಇರಬೇಕು, ಮಂಪರಿನಲ್ಲಿದ್ದರೆ ನೆತ್ತಿಗೆ ಹತ್ತುವ ಅಪಾಯವೂ ಇದೆ.

ಉಳಿದುಹೋದ ತೊಂದರೆಗಳ ಜೊತೆ ದಿನಚರಿ

ಇನ್ನು ಮೊದಲ ಕಂತೆ. ಇದಕ್ಕೆ ಆಂಬುಲೆನ್ಸ್ ಬರುವುದಿಲ್ಲ, ದಿನವೂ ನಾವೇ ಹೊರಬೇಕು.

ಮಾಮೂಲು ತಲೆನೋವಿಗೆ ನಾವು ಮಾಡಿದ ದೊಡ್ಡ ತಪ್ಪು ದಿನಾ ಪ್ಯಾರಾಸಿಟಮಾಲ್ ನುಂಗಿಸಿದ್ದು. ತಿಂಗಳಲ್ಲಿ ಹದಿನೈದು ದಿನ, ಅದಕ್ಕಿಂತ ಹೆಚ್ಚು ದಿನ ನೋವಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಬರತೊಡಗುತ್ತದೆ. ಕೆಲವು ಜಾತಿಯ ಮಾತ್ರೆಗಳಿಗೆ ಹತ್ತೇ ದಿನ ಸಾಕು. ನೋಟ್‌ಬುಕ್ಕಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಕೆಂಪು ಚುಕ್ಕಿ ಇಡತೊಡಗಿದ ಮೇಲೆ ಇದು ಗೊತ್ತಾಯಿತು. ಡಾಕ್ಟರು ತಲೆನೋವು ಬರದಂತೆ ತಡೆಯುವ ಬೇರೆ ಔಷಧಿ ಕೊಟ್ಟು ಇದನ್ನು ಇಳಿಸಿದರು. ಊಟ ಹೊತ್ತಿಗೆ ಸರಿಯಾಗಿ, ನೀರು ಸಾಕಷ್ಟು, ರಾತ್ರಿ ಹತ್ತಕ್ಕೆ ಟಿವಿ ಬಂದ್. ಏಕಾದಶಿ, ಶನಿವಾರ ಎಂದು ಒಪ್ಪೊತ್ತು ಇರುವ ಅಭ್ಯಾಸವನ್ನು ಇವರು ಬಿಟ್ಟಿದ್ದಾರೆ. ಅತ್ತೆಯೇ ಇವರ ಪಾಲಿನದನ್ನೂ ಸೇರಿಸಿ ಮಾಡುತ್ತಾರೆ.

ಹೊಟ್ಟೆ ಕಟ್ಟದ ಹಾಗೆ ನೋಡಿಕೊಳ್ಳಿ. ಮಲಬದ್ಧತೆ ಜೋರಾದರೆ ಹೊಟ್ಟೆಯೊಳಗಿನ ಒತ್ತಡ ಏರಿ ಪೈಪಿನಿಂದ ನೀರು ಇಳಿಯಲು ಅಡ್ಡಿಯಾಗಬಹುದು. ನಮ್ಮಲ್ಲಿ ರಾತ್ರಿ ಮುದ್ದೆ, ಸೊಪ್ಪಿನ ಸಾರು, ಒಂದು ಬಾಳೆಹಣ್ಣು.

ದಣಿವನ್ನು ಸೋಮಾರಿತನ ಎಂದು ತಿಳಿಯುವುದು ಎಲ್ಲರೂ ಮಾಡುವ ಅನ್ಯಾಯ. ನಾನೂ ಮಾಡಿದ್ದೇನೆ. ಗಾಯಗೊಂಡ ಮೆದುಳಿಗೆ ಮದುವೆಮನೆಯ ಗದ್ದಲ, ಟ್ಯೂಬ್‌ಲೈಟು, ನಾಲ್ಕು ಜನ ಒಟ್ಟಿಗೆ ಮಾತಾಡುವುದು ಇವೆಲ್ಲ ಮೂಟೆ ಹೊತ್ತ ಹಾಗೆ. ನಾವು ಮುಹೂರ್ತಕ್ಕೆ ಹೋಗಿ, ಅಕ್ಷತೆ ಹಾಕಿ, ಮೊದಲ ಪಂಕ್ತಿಯಲ್ಲಿ ಕೂತು ಊಟ ಮಾಡಿ ಎದ್ದು ಬಂದುಬಿಡುತ್ತೇವೆ. ಬೇಸರ ಮಾಡಿಕೊಂಡವರು ಮಾಡಿಕೊಂಡರು.

ಮರೆವಿಗೆ ಉಪದೇಶ ನಾಟುವುದಿಲ್ಲ, ಜಾಗ ನಾಟುತ್ತದೆ. ಕನ್ನಡಕ, ಫೋನ್, ಬೀಗದ ಕೈ ಮೂರಕ್ಕೂ ಬಾಗಿಲ ಪಕ್ಕ ಒಂದೇ ತಟ್ಟೆ. ಮಾತ್ರೆಗೆ ವಾರದ ಏಳು ಖಾನೆಯ ಡಬ್ಬಿ, ಫೋನಿನಲ್ಲಿ ಅಲಾರಂ. ‘ಆಗಲೇ ಹೇಳಿದ್ನಲ್ಲ’ ಎಂಬ ಮಾತು ನಮ್ಮ ಮನೆಯಲ್ಲಿ ನಿಷಿದ್ಧ. ಮಗಳು ಅಂದರೂ ಒಂದು ರೂಪಾಯಿ ದಂಡ, ಹುಂಡಿಯಲ್ಲಿ ನನ್ನ ದುಡ್ಡೇ ಜಾಸ್ತಿ. ಮರೆವು, ಮಾತು, ಯೋಚನೆಗಳಿಗೆ ತರಬೇತಿ ಕೊಡುವವರಿದ್ದಾರೆ. ನಿಮ್ಹಾನ್ಸ್‌ನಲ್ಲಿ ನ್ಯೂರಾಲಜಿಕಲ್ ರಿಹ್ಯಾಬಿಲಿಟೇಷನ್ ವಿಭಾಗವೇ ಇದೆ. ನಿಮ್ಮ ಸರ್ಜನ್ ಬಳಿ ರೆಫರಲ್ ಕೇಳಿ. ನಾವು ಕೇಳಿದ್ದು ಮೂರು ವರ್ಷ ತಡವಾಗಿ.

ಸಿಡುಕಿನ ಬಗ್ಗೆ ಯಾರೂ ಹೇಳುವುದಿಲ್ಲ. ಒಂದು ಮಾತು ಬೈಯದ ಮನುಷ್ಯ ತಟ್ಟೆ ತಳ್ಳತೊಡಗಿದಾಗ ನಾನು ಅಡುಗೆಮನೆಯಲ್ಲಿ ಅತ್ತದ್ದುಂಟು. ಮೆದುಳಿಗೆ ಆದ ಪೆಟ್ಟೂ ಇರಬಹುದು, ಮಾತ್ರೆಯೂ ಇರಬಹುದು. ಫಿಟ್ಸಿಗೆ ಕೊಡುವ ಲೆವೆಟಿರಸಿಟಮ್ ಕೆಲವರಲ್ಲಿ ಸಿಡುಕು, ಮಂಕು ತರುತ್ತದೆ. ಓಪಿಡಿಯಲ್ಲಿ ಇದನ್ನು ನಾಚಿಕೊಳ್ಳದೆ ಹೇಳಿ, ಇವರೆದುರು ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ನಮಗೆ ಮಾತ್ರೆ ಬದಲಿಸಿದ ಮೇಲೆ ಮುಕ್ಕಾಲು ಪಾಲು ಇಳಿಯಿತು. ಆದರೆ ನೀವೇ ನಿಲ್ಲಿಸಬೇಡಿ. ಫಿಟ್ಸಿನ ಮಾತ್ರೆ ಥಟ್ಟನೆ ಬಿಟ್ಟರೆ ಬಿಡುವಿಲ್ಲದೆ ಫಿಟ್ಸ್ ಬರುವ ಅಪಾಯವಿದೆ.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ 108.

ಟಿಬಿಯಿಂದ ಶಂಟ್ ಆದವರಿಗೆ ಎರಡು ಮಾತು. ಟಿಬಿ ಮಾತ್ರೆಗಳಲ್ಲಿರುವ ರಿಫಾಂಪಿಸಿನ್ ಹಲವು ಫಿಟ್ಸ್ ಮಾತ್ರೆಗಳ ಬಲ ತಗ್ಗಿಸುತ್ತದೆ. ಹಾಗಾಗಿ ಟಿಬಿ ಕೋರ್ಸ್ ಶುರುವಾದಾಗಲೂ ಮುಗಿದಾಗಲೂ ನ್ಯೂರಾಲಜಿಯವರಿಗೆ ತಿಳಿಸಿ. ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಮಾಡಬಹುದು. ಕೆಂಪು ಹಸಿರು ಮಂಕಾಗಿ ಕಂಡರೆ ಅಂದೇ ಹೇಳಿ. ಇವರು ಟೊಮೆಟೊ ಬೂದಿ ಬಣ್ಣವಿದೆ ಎಂದಾಗ ನಾವು ನಕ್ಕಿದ್ದೆವು.

ಕಟಿಂಗ್ ಶಾಪ್, ಹೆಲ್ಮೆಟ್, ಮುಡಿ

ಕಟಿಂಗ್ ಶಾಪಿನಲ್ಲಿ ಕೊನೆಗೆ ತಲೆಗೆ ತಟ್ಟಿ ಕುತ್ತಿಗೆ ಹಿಡಿದು ಲಟಕ್ಕೆನಿಸುತ್ತಾರಲ್ಲ, ಅದು ಬೇಡವೇ ಬೇಡ. ಮೊದಲೇ ಹೇಳಿ ಕೂರಿಸಿ. ದೇವರಿಗೆ ಮುಡಿ ಹರಕೆ ಇದ್ದರೆ ಗಾಯ ಪೂರಾ ಮಾಗಿದ ಮೇಲೆ, ವಾಲ್ವಿನ ಮೇಲೆ ಕತ್ತಿ ತಾಗದ ಹಾಗೆ ಮಷೀನಿನಿಂದ ತೆಗೆಸಿ. ನಾವು ಒಂದು ಎಳೆ ಕತ್ತರಿಸಿ ಹುಂಡಿಗೆ ಹಾಕಿದೆವು, ದೇವರು ಒಪ್ಪಿಕೊಂಡ. ಹೆಲ್ಮೆಟ್ ಕೊಳ್ಳುವಾಗ ವಾಲ್ವನ್ನು ಒತ್ತದಂಥ ಸೈಜು ನೋಡಿ ಕೊಳ್ಳಿ. ಫಿಟ್ಸ್ ಇದ್ದವರು ಗಾಡಿ ಓಡಿಸಬಾರದು, ನಮ್ಮದನ್ನು ಮಾರಿದೆವು. ಶೀರ್ಷಾಸನ, ಕಬಡ್ಡಿ ಬೇಡ. ನಡಿಗೆ ಬೇಕಾದಷ್ಟು. ಹೊಟ್ಟೆಯ ಗಾಯದ ಮೇಲೆ ಬೆಲ್ಟು, ಹೆಂಗಸರಾದರೆ ಲಂಗದ ಲಾಡಿ ಬಿಗಿಯಬಾರದು. ಪ್ರೋಗ್ರಾಮೆಬಲ್ ವಾಲ್ವ್ ಇದ್ದರೆ ಮ್ಯಾಗ್ನೆಟ್ ಇರುವ ಫೋನ್ ಕವರ್, ಹೆಡ್‌ಫೋನ್, ಆಟದ ಸಾಮಾನುಗಳು ವಾಲ್ವಿನಿಂದ ಎರಡು ಮೂರು ಇಂಚಾದರೂ ದೂರ. ಮೆಟ್ರೋದಲ್ಲಿ ತಪಾಸಣೆಯವರಿಗೆ ಶಂಟ್ ವಿವರವಿರುವ ಕಾರ್ಡ್ ತೋರಿಸಿ ಕೈಯಲ್ಲೇ ತಡಕಲು ಹೇಳಬಹುದು.

ಅಪೆಂಡಿಕ್ಸ್, ಹರ್ನಿಯಾ, ಸಿಸೇರಿಯನ್ ಹೀಗೆ ಹೊಟ್ಟೆಯ ಯಾವುದೇ ಆಪರೇಷನ್ ಇದ್ದರೂ ಪೈಪು ಅಲ್ಲಿದೆ ಎಂದು ಆ ಸರ್ಜನ್‌ಗೆ ಗೊತ್ತಿರಬೇಕು. ಶಂಟ್ ಇರುವ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ನ್ಯೂರೋ ಮತ್ತು ಹೆರಿಗೆ ಡಾಕ್ಟರು ಇಬ್ಬರನ್ನೂ ಕಾಣಲಿ. ಫಿಟ್ಸಿಗೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರಂತೂ ಮಗುವಿಗೆ ಹಾನಿಯಾಗಬಹುದಾದ ಕಾರಣ ಕಡ್ಡಾಯ. ಬೆನ್ನುಹುರಿ ಮುಚ್ಚದೆ ಹುಟ್ಟಿದ ಮಗು ಇರುವ ತಾಯಂದಿರು ಮುಂದಿನ ಬಸಿರಿಗೆ ಮೊದಲಿನಿಂದಲೇ ಡಾಕ್ಟರ ಚೀಟಿಯಂತೆ ಹೆಚ್ಚಿನ ಡೋಸಿನ ಫೋಲಿಕ್ ಆ್ಯಸಿಡ್ ತೆಗೆದುಕೊಳ್ಳಬೇಕು.

ಕೆಲಸ, ದುಡ್ಡು, ಸರ್ಟಿಫಿಕೇಟ್

ಇವರಿಗೆ ಕಾರ್ಮಿಕರ ವಿಮೆ, ಅಂದರೆ ಇಎಸ್‌ಐ ಇತ್ತು. ಇದ್ದವರು ಮೊದಲ ದಿನದಿಂದಲೇ ರಜೆಯ ಸರ್ಟಿಫಿಕೇಟುಗಳನ್ನು ಜೋಪಾನ ಮಾಡಿ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ, ಟಿಬಿ ಅದರಲ್ಲಿದೆ, ಎರಡು ವರ್ಷದವರೆಗೂ ಶೇ. 80 ಸಿಗುವ ಅವಕಾಶವಿದೆ. ಅದಕ್ಕೆ ಎರಡು ವರ್ಷ ಬಿಡದೆ ಕೆಲಸ ಮಾಡಿರಬೇಕು, ನಿಗದಿತ ದಿನಗಳ ವಂತಿಗೆ ಕಟ್ಟಿರಬೇಕು. ಎರಡನೆಯದರ ಬಗ್ಗೆ ನಮಗೆ ಗೊತ್ತಾದದ್ದು ಐದು ತಿಂಗಳ ಬಡ್ಡಿ ಸಾಲ ಮಾಡಿದ ಮೇಲೆ, ಅದೂ ಔಷಧಿ ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬರು ಹೇಳಿ. ಟಿಬಿ ಚಿಕಿತ್ಸೆ ನಡೆಯುವಷ್ಟು ದಿನ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ನಮ್ಮ ಕಾಲಕ್ಕೆ 500 ಇತ್ತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರ ಕೊಡುತ್ತದೆ.

ಅಂಗವಿಕಲರ ಕಾರ್ಡಿಗೆ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. 2016ರ ಕಾಯ್ದೆಯಲ್ಲಿ 21 ಬಗೆಗಳಿವೆ. ಅದರಲ್ಲಿ ‘ಶಂಟ್’ ಎಂದು ಹುಡುಕಿದರೆ ಸಿಗುವುದಿಲ್ಲ. ಉಳಿದಿರುವ ತೊಂದರೆಯ ಹೆಸರಿನಲ್ಲಿ ಹಾಕಿ: ದೃಷ್ಟಿ, ನಡಿಗೆ, ದೀರ್ಘಕಾಲದ ನರರೋಗ, ಮಕ್ಕಳಿಗೆ ಬುದ್ಧಿ ಬೆಳವಣಿಗೆ ಅಥವಾ ಕಲಿಕೆಯದು. ಬಹುಪಾಲು ಸೌಲಭ್ಯಗಳಿಗೆ ತೊಂದರೆ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದಿರಬೇಕು. ಅದನ್ನು ಅಳೆಯುವ ಮೆಡಿಕಲ್ ಬೋರ್ಡಿನ ಮುಂದೆ ಹೋಗುವಾಗ ಗಂಡಸರು ಸ್ವಾಭಿಮಾನಕ್ಕೆ ‘ಎಲ್ಲ ಮಾಡ್ಕೊತೀನಿ’ ಎಂದುಬಿಡುತ್ತಾರೆ. ಆ ಕ್ಷಣ ನೋಟ್‌ಬುಕ್ ತೆಗೆದು ಮುಂದಿಡಿ.

ಫ್ಯಾಕ್ಟರಿಯಲ್ಲಿ ಮಷೀನ್ ಮುಂದೆ ನಿಲ್ಲುವುದು ಇನ್ನು ಸಾಧ್ಯವಿರಲಿಲ್ಲ. ಡಾಕ್ಟರ ಪತ್ರದಲ್ಲಿ ಏನು ಮಾಡಬಾರದು ಎಂಬುದರ ಜೊತೆಗೆ ಏನು ಮಾಡಬಲ್ಲರು ಎಂಬುದನ್ನೂ ಬರೆಸಿಕೊಂಡು ಹೋದೆವು. ಮಾಲೀಕರು ಸ್ಟೋರ್ಸಿನಲ್ಲಿ ಬೆಳಗಿನ ಅರ್ಧ ದಿನದ ಕೆಲಸ ಕೊಟ್ಟರು. ಸಂಬಳ ಅರ್ಧಕ್ಕಿಂತ ಕಡಿಮೆ. ನಟ್ಟು ಬೋಲ್ಟುಗಳ ಲೆಕ್ಕವನ್ನು ಇವರು ಪ್ರತಿ ಸಲ ಎರಡು ಬಾರಿ ಬರೆಯುತ್ತಾರೆ.

ಬಾಗಿಲ ಹಿಂದಿನ ಚೀಟಿ

ಕೊನೆಯ ಕೆಲಸ, ಇವತ್ತೇ ಮಾಡಿ. ಇದೆಲ್ಲ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಆ ಒಬ್ಬರು ಊರಿಗೆ ಹೋದ ದಿನವೇ ಪೈಪು ಕಟ್ಟುತ್ತದೆ. ಹೋದ ವರ್ಷ ನಾನು ಅಮ್ಮನ ಮನೆಗೆ ತುಮಕೂರಿಗೆ ಹೋಗುವ ಹಿಂದಿನ ದಿನ ಹನ್ನೊಂದು ವರ್ಷದ ಮಗಳನ್ನೂ ಪಕ್ಕದ ಮನೆಯ ಆಂಟಿಯನ್ನೂ ಕೂರಿಸಿಕೊಂಡು ಒಂದು ಚೀಟಿ ಬರೆದು ಬಾಗಿಲ ಹಿಂದೆ ಅಂಟಿಸಿದೆ. ಅದರಲ್ಲಿರುವುದು ಇಷ್ಟು:

ಅಪ್ಪನಿಗೆ ತಲೆಯಲ್ಲಿ ವಿಪಿ ಶಂಟ್ ಇದೆ, ಬಲಗಡೆ, ಮೀಡಿಯಂ ಪ್ರೆಷರ್. ಸಂಜೆ ಹಣೆ ನೋವು ಮಾಮೂಲು. ಬೆಳಗ್ಗೆ ನೋವು, ವಾಂತಿ, ಎಬ್ಬಿಸಿದರೂ ಏಳದಿರುವುದು ಮಾಮೂಲಲ್ಲ. ಹೆಸರು ಕೇಳು, ಫ್ಯಾನ್ ನೋಡಲು ಹೇಳು. ತಪ್ಪಿದರೆ ಆಂಟಿಯನ್ನು ಕರಿ, 108 ಮಾಡು. ಫೈಲ್ ಬೀರುವಿನ ಮೇಲಿನ ಖಾನೆ, ನೀಲಿ ಚೀಲ. ಏನೂ ತಿನ್ನಲು ಕೊಡಬೇಡ. ಆಸ್ಪತ್ರೆಯಲ್ಲಿ ಮೊದಲು ಶಂಟ್ ಅಂತ ಹೇಳು, ಆಮೇಲೆ ಬೇರೆ. ಅಮ್ಮನಿಗೆ ಫೋನ್ ಮಾಡುವುದು ಕೊನೆಗೆ.